ಗುಂಡಿನ ನೆತ್ತಿಗೆ ನಲವತ್ತು ಅಡಿ

ಬೆಂಗಳೂರಿನಿಂದ ಮೈಸೂರಿಗೆ ರೈಲಿನಲ್ಲಿ ಹೋಗುವವರು ಬಿಡದಿ ದಾಟಿದ ಮೇಲೆ ಕೈಯಲ್ಲಿನ ಪತ್ರಿಕೆಯನ್ನು ಮಡಿಸಿಟ್ಟು ಸ್ವಲ್ಪ ಹೊತ್ತು ಕಿಟಕಿಯ ಹೊರಗೆ ನೋಡುವುದು ಒಳ್ಳೆಯದು. ಅಲ್ಲಿಂದ ಮುಂದೆ ನೆಲದ ಚಹರೆಯೇ ಬೇರೆಯಾಗುತ್ತದೆ. ಮಾವಿನ ತೋಪು, ಹಿಪ್ಪುನೇರಳೆಯ ಹೊಲ, ತೆಂಗಿನ ಸಾಲುಗಳ ನಡುವೆ ಇದ್ದಕ್ಕಿದ್ದಂತೆ ಬೋಳುಬೆಟ್ಟವೊಂದು ತಲೆಯೆತ್ತುತ್ತದೆ; ಅದರ ಮಗ್ಗುಲಲ್ಲಿ ಇನ್ನೊಂದು; ಅವುಗಳ ಹೆಗಲ ಮೇಲೆ, ಈಗಲೋ ಇನ್ನೊಂದು ಗಳಿಗೆಗೋ ಉರುಳಿಬಿಡುವಂತೆ ಕುಳಿತ ಕಲ್ಲುಗುಂಡುಗಳು. 2023ರಲ್ಲಿ ತೆರೆದ ಹೊಸ ಹೆದ್ದಾರಿಯು ರಾಮನಗರವನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುವುದರಿಂದ ಕಾರಿನವರಿಗೆ ಊರು ತಪ್ಪಿಹೋಗುತ್ತದೆ. ರೈಲು ಮಾತ್ರ ಹಳೆಯ ಸ್ನೇಹವನ್ನು ಬಿಟ್ಟಿಲ್ಲ.

ಕಲ್ಲುಗಳ ವಿಷಯದಲ್ಲಿ ನಮ್ಮ ನುಡಿಗೆ ಬಡತನವಿಲ್ಲ. ನೆಲಕ್ಕೆ ಹಾಸಿದಂತಿದ್ದರೆ ಅದು ಹಾಸುಬಂಡೆ; ವಿಶಾಲವಾಗಿ ಹರಡಿ ಎದ್ದು ನಿಂತಿದ್ದರೆ ಅರೆ; ಬಿಡಿಯಾಗಿ ದುಂಡಗೆ ಕುಳಿತಿದ್ದರೆ ಗುಂಡು. ಕಲ್ಲು ಬಾಯಿಬಿಟ್ಟರೆ ಬಿರುಕು, ಎರಡು ಕಲ್ಲುಗಳ ನಡುವೆ ಉಳಿದದ್ದು ಸಂದು, ಆಚೆಯಿಂದ ಈಚೆಗೆ ಮನುಷ್ಯ ತೂರುವಂತಿದ್ದರೆ ಕಿಂಡಿ. ಚಿತ್ರದುರ್ಗವನ್ನು ನೋಡಿದವರಿಗೆ ಓಬವ್ವನ ಕಿಂಡಿಯ ಮಹಿಮೆಯನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ನಾನು ಈಗ ಹೇಳಹೊರಟಿರುವುದು ಅಂಥ ಇತಿಹಾಸವಾಗಲಿ ಐತಿಹ್ಯವಾಗಲಿ ಇಲ್ಲದ ಒಂದು ಗುಂಡಿನ ಸಂಗತಿ. ಅದರ ಮೂಡಣ ಮುಖದಲ್ಲಿರುವ ಒಂದು ಬಿರುಕಿನ ಸಂಗತಿ ಎಂದರೆ ಇನ್ನೂ ಸರಿಯಾದೀತು. ರಾಮನಗರದಿಂದ ಕೆಲವು ಮೈಲಿಗಳ ದೂರದಲ್ಲಿ, ಒಂದು ಸಣ್ಣ ಹಳ್ಳಿಯ ಗೋಮಾಳದ ಅಂಚಿನಲ್ಲಿ ಅದು ಕುಳಿತಿದೆ. ಎತ್ತರ ನಲವತ್ತು ಅಡಿಯಿದ್ದೀತು. ಹಳ್ಳಿಯವರು ಅದಕ್ಕೆ ಹೆಸರಿಡುವ ಗೋಜಿಗೆ ಹೋಗದೆ ಬರಿದೇ ‘ಗುಂಡು’ ಎನ್ನುತ್ತಾರೆ.

ಈ ಕಲ್ಲಿಗೆ ಭೂವಿಜ್ಞಾನಿಗಳ ಲೋಕದಲ್ಲಿ ದೊಡ್ಡ ಹೆಸರುಂಟು. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ರಾಮನಗರವನ್ನು ಒಂದು ಕಾಲದಲ್ಲಿ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದರು. ಊರು ಆ ಹೆಸರನ್ನು ಬಿಟ್ಟಿತು, ಕಲ್ಲು ಬಿಡಲಿಲ್ಲ. ಉತ್ತರ ದಕ್ಷಿಣವಾಗಿ ಸುಮಾರು 400 ಕಿಲೋಮೀಟರು ಉದ್ದಕ್ಕೆ, ನಾಡಿನ ಬೆನ್ನಹುರಿಯಂತೆ ಚಾಚಿಕೊಂಡಿರುವ ಈ ಶಿಲಾಪಟ್ಟಿಗೆ ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಹೆಸರು. ವಯಸ್ಸು ಸುಮಾರು 250 ಕೋಟಿ ವರ್ಷ. ಭೂಮಿಯ ಆಳದಲ್ಲಿ ಕರಗಿ ನಿಧಾನವಾಗಿ ಹೆಪ್ಪುಗಟ್ಟಿದ ಕಲ್ಲಾದುದರಿಂದ ಅದರೊಳಗಿನ ಹರಳುಗಳು ದಪ್ಪವಾಗಿ ಬೆಳೆದಿವೆ. ನಸುಗೆಂಪಿನ ಫೆಲ್ಡ್‌ಸ್ಪಾರ್ ಹರಳು ಕೆಲವೆಡೆ ಹೆಬ್ಬೆರಳಿನಷ್ಟು ಅಗಲವಾಗಿ ಮುಖದಿಂದ ಉಬ್ಬಿರುತ್ತದೆ. ನಮಗೆ ಅದೊಂದು ಬಣ್ಣದ ಚುಕ್ಕೆ. ಬಂಡೆ ಹತ್ತುವವರಿಗೆ ಅದು ಮೆಟ್ಟಿಲು.

ದುಂಡಗಿನ ಆಕಾರ ಹೇಗೆ ಬಂತೆಂಬುದೂ ಸ್ವಾರಸ್ಯವಾದ ವಿಷಯವೇ. ಈ ಗುಂಡುಗಳು ಎಲ್ಲಿಂದಲೋ ಉರುಳಿ ಬಂದವಲ್ಲ, ಇದ್ದಲ್ಲಿಯೇ ಇದ್ದವು. ಮೇಲಿದ್ದ ನೆಲ ಸವೆದಂತೆ ಭಾರ ಇಳಿದು ಕಲ್ಲು ಹಿಗ್ಗಿತು. ಹಿಗ್ಗಿದ ಕಲ್ಲಿನಲ್ಲಿ ಉದ್ದಗಲಕ್ಕೆ ಸೀಳುಗಳು ಬಿದ್ದವು. ಆ ಸೀಳುಗಳಿಗೆ ನೀರು ಇಳಿಯಿತು. ನೀರು ತಗುಲಿದ ಫೆಲ್ಡ್‌ಸ್ಪಾರ್ ಲಕ್ಷಾಂತರ ವರ್ಷಗಳಲ್ಲಿ ಜೇಡಿಯಾಗುತ್ತದೆ. ಚೌಕವಾದ ತುಂಡಿನ ಮೂಲೆಗೆ ಮೂರು ಕಡೆಯಿಂದ ನೀರು ತಗುಲುವುದರಿಂದ ಮೊದಲು ಸವೆಯುವುದು ಮೂಲೆ. ಹೀಗೆ ಮೂಲೆ ಕರಗಿ ತಿರುಳು ದುಂಡಗಾಗಿ ಉಳಿಯುತ್ತದೆ. ಕೊನೆಗೆ ಸುತ್ತಲಿನ ಮಣ್ಣು ಮಳೆಗೆ ಕೊಚ್ಚಿಹೋಗಿ ಗುಂಡುಗಳು ಬಯಲಿಗೆ ಬೀಳುತ್ತವೆ. ಬಯಲಿಗೆ ಬಿದ್ದ ಮೇಲೂ ಅವುಗಳಿಗೆ ನೆಮ್ಮದಿಯಿಲ್ಲ. ಬಿಸಿಲು ಮಳೆಗಳಿಗೆ ಸಿಕ್ಕಿ ಮೈಮೇಲಿನ ಕಲ್ಲು ಈರುಳ್ಳಿಯ ಸಿಪ್ಪೆಯಂತೆ ಪೊರೆಪೊರೆಯಾಗಿ ಬಿಡುತ್ತ ಹೋಗುತ್ತದೆ. ಈ ಪೊರೆಯ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ.

ರಾಮನಗರವೆಂದರೆ ಹೊರಗಿನವರಿಗೆ ನೆನಪಾಗುವುದು 1975ರಲ್ಲಿ ತೆರೆಕಂಡ ‘ಷೋಲೆ’ ಚಿತ್ರ. ಊರಿನವರಿಗೆ ರೇಷ್ಮೆಗೂಡಿನ ಮಾರುಕಟ್ಟೆ. ಬಂಡೆ ಹತ್ತುವ ತರುಣರಿಗೆ ಬಹುಕಾಲ ನೆನಪಾಗುತ್ತಿದ್ದುದು ರಾಮದೇವರ ಬೆಟ್ಟ. ಆದರೆ ಆ ಬೆಟ್ಟದ ಕಡಿದಾದ ಗೋಡೆಗಳಿಗೆ ಅವರಿಗಿಂತ ಹಳೆಯ ಹಕ್ಕುದಾರರಿದ್ದರು. ಉದ್ದಕೊಕ್ಕಿನ ರಣಹದ್ದುಗಳು ಅಲ್ಲಿನ ಚಾಚುಗಲ್ಲುಗಳ ಮೇಲೆ ಗೂಡು ಕಟ್ಟುತ್ತವೆ. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧ ಸತ್ತ ದನದ ಮಾಂಸದ ಮೂಲಕ ಹದ್ದುಗಳ ಹೊಟ್ಟೆಗೆ ಹೋಗಿ, ಮೂತ್ರಪಿಂಡ ಕೆಟ್ಟು ಅವು ದೇಶದಾದ್ಯಂತ ಸಾವಿರ ಸಾವಿರವಾಗಿ ಸತ್ತವು. ಪಶುವೈದ್ಯದಲ್ಲಿ ಆ ಔಷಧವನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ಸರ್ಕಾರ ರಾಮದೇವರ ಬೆಟ್ಟದ ಸುಮಾರು 346 ಹೆಕ್ಟೇರು ಪ್ರದೇಶವನ್ನು ರಣಹದ್ದುಗಳ ಧಾಮವೆಂದು ಘೋಷಿಸಿತು. ಗೂಡಿನ ಪಕ್ಕದಲ್ಲಿ ಹಗ್ಗ ಜೋತಾಡಿದರೆ ಹದ್ದು ಮೊಟ್ಟೆಯಿಡುವುದುಂಟೆ? ಹತ್ತುವವರು ದೂರ ಸರಿಯಬೇಕಾದುದು ನ್ಯಾಯವೇ. ಸರಿದವರು ಧಾಮದ ಹೊರಗೆ, ಹೊಲ ಗೋಮಾಳಗಳಲ್ಲಿ ಚೆದುರಿಕೊಂಡಿರುವ ಬಿಡಿ ಗುಂಡುಗಳನ್ನು ಹುಡುಕಿಕೊಂಡರು. ಹೆಸರಿಲ್ಲದ ನಮ್ಮ ಗುಂಡಿಗೆ ಅತಿಥಿಗಳು ಬರತೊಡಗಿದ್ದು ಹೀಗೆ.

ಈ ಅತಿಥಿಗಳಲ್ಲಿ ನನ್ನ ಭಾವಮೈದನೂ ಒಬ್ಬ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ವಾರದ ಐದು ದಿನ ಕುರ್ಚಿ, ಆರನೆಯ ದಿನ ನಿದ್ರೆ, ಏಳನೆಯ ದಿನ ಬಂಡೆ. ಮೊದಲು ಕಂಠೀರವ ಕ್ರೀಡಾಂಗಣದ ಕೃತಕ ಗೋಡೆಯ ಮೇಲೆ ಕೈಕಾಲು ಪಳಗಿಸಿಕೊಂಡನು. ಆಮೇಲೆ ಬದಾಮಿಗೆ ಹೋಗಿ ಕೆಂಪು ಮರಳುಗಲ್ಲನ್ನು ಹತ್ತಿ ಬಂದನು. ಅಲ್ಲಿಯವರೆಗೆ ಮನೆಯವರಿಗೆ ಅಷ್ಟಾಗಿ ಚಿಂತೆಯಿರಲಿಲ್ಲ. ಬದಾಮಿಯ ಅನೇಕ ದಾರಿಗಳಲ್ಲಿ ಬಂಡೆಯನ್ನು ಕೊರೆದು ಉಕ್ಕಿನ ಬೋಲ್ಟುಗಳನ್ನು ಭದ್ರವಾಗಿ ಕೂರಿಸಿದ್ದಾರೆ. ಹತ್ತುವವನು ಪ್ರತಿ ಬೋಲ್ಟಿಗೂ ಹಗ್ಗ ಸಿಕ್ಕಿಸಿಕೊಳ್ಳುತ್ತ ಹೋದರಾಯಿತು. ಗುಂಡಿನ ಬಿರುಕಿನಲ್ಲಿ ಬೋಲ್ಟು ಇಲ್ಲವೆಂದೂ, ಇನ್ನು ಮುಂದೆ ತಾನು ‘ಸಾಂಪ್ರದಾಯಿಕ’ ಪದ್ಧತಿಯಲ್ಲಿ ಹತ್ತುವನೆಂದೂ ಅವನು ಒಂದು ದಿನ ಊಟದ ಹೊತ್ತಿನಲ್ಲಿ ಹೇಳಿದ ಮೇಲೆ ಅತ್ತೆಯವರ ನಿದ್ರೆ ಕೆಟ್ಟಿತು.

“ಆ ಗುಂಡಿನ ಹಿಂಬದಿಯಿಂದ ಮೇಕೆಗಳು ಹತ್ತುತ್ತವಂತೆ. ಇವನಿಗೆ ಮುಂದಿನಿಂದಲೇ ಏಕೆ ಬೇಕು?” ಎಂದು ಅವರು ನನ್ನನ್ನು ಕೇಳಿದರು. “ನೀವೊಂದು ಸಲ ಹೋಗಿ ನೋಡಿಕೊಂಡು ಬನ್ನಿ. ನನ್ನ ಮಾತು ಕೇಳುವುದಿಲ್ಲ. ನೀವು ಬೇಡವೆಂದರೆ ಬಿಟ್ಟಾನು.”

ಅಳಿಯನಾದವನಿಗೆ ಇಂಥ ದೌತ್ಯ ಸುಲಭದ್ದಲ್ಲ. ಬೇಡವೆಂದರೆ ಭಾವಮೈದನ ಸ್ನೇಹ ಹೋಗುತ್ತದೆ. ಬೇಕೆಂದು ಹೇಳಿ ನಾಳೆ ಏನಾದರೂ ಆದರೆ ಆ ಮನೆಯ ಹೊಸ್ತಿಲನ್ನು ಯಾವ ಮುಖದಿಂದ ತುಳಿಯಲಿ? ಜನವರಿಯ ಒಂದು ಭಾನುವಾರ ಮುಂಜಾನೆ ನಾವು ಹೊರಟೆವು. ಜೊತೆಗೆ ಹಗ್ಗ ಹಿಡಿಯಲು ಅವನ ಸಹೋದ್ಯೋಗಿ ಹುಡುಗಿಯೊಬ್ಬಳು ಬಂದಿದ್ದಳು. ಅವನಿಗಿಂತ ಎರಡು ವರ್ಷ ಮೊದಲೇ ಬಂಡೆ ಹತ್ತಲು ಕಲಿತವಳು. ಮಾತು ಕಡಿಮೆ, ಗಂಟು ಬಿಗಿ. ಅತ್ತೆಯವರಿಗೆ ಒಪ್ಪಿಸಿದ ವರದಿಯಲ್ಲಿ ಈ ಅಂಶವನ್ನು ವಿಸ್ತರಿಸುವ ಅಗತ್ಯ ನನಗೆ ಕಾಣಲಿಲ್ಲ.

ಕನ್ನಡ ಮೇಷ್ಟರಿಗೆ ‘ಸಂಪ್ರದಾಯ’ ಎಂಬ ಮಾತು ಕಿವಿಗೆ ಬಿದ್ದರೆ ಅದರ ವಂಶಾವಳಿಯನ್ನು ವಿಚಾರಿಸದೆ ಇರಲಾಗುವುದಿಲ್ಲ. ದಾರಿಯಲ್ಲಿ ಕೇಳಿ ತಿಳಿದದ್ದು, ಆಮೇಲೆ ಓದಿ ತಿಳಿದದ್ದು ಇಷ್ಟು. ಬಂಡೆ ಹತ್ತುವುದು ಇಂಗ್ಲೆಂಡಿನಲ್ಲಿ 1880ರ ದಶಕದ ಹೊತ್ತಿಗೆ ಒಂದು ಆಟವಾಗಿ ರೂಪುಗೊಂಡಿತು. ಆಗ ನಾರಿನ ಹಗ್ಗ. ಬಿದ್ದರೆ ತಡೆದೀತೆಂಬ ನಂಬಿಕೆಯಿಲ್ಲ. ಮುಂದೆ ಹೋಗುವವನು ಬೀಳಕೂಡದು, ಅಷ್ಟೆ. ಬಳಿಕ ಬಿರುಕುಗಳಿಗೆ ಕಬ್ಬಿಣದ ಗೂಟಗಳನ್ನು ಸುತ್ತಿಗೆಯಿಂದ ಬಡಿದು, ಅವುಗಳಿಗೆ ಹಗ್ಗ ಸಿಕ್ಕಿಸುವ ಪದ್ಧತಿ ಯೂರೋಪು ಅಮೆರಿಕಗಳಲ್ಲಿ ಬಂತು. ಬಡಿದು ಕಿತ್ತು, ಕಿತ್ತು ಬಡಿದು, ಅಮೆರಿಕದ ಯೊಸೆಮಿಟಿ ಕಣಿವೆಯ ಬಿರುಕುಗಳು ಗುಂಡಿಗುಂಡಿಯಾಗಿ ವಿಕಾರಗೊಂಡವು. ಆ ಗೂಟಗಳನ್ನು ತಯಾರಿಸಿ ಮಾರುತ್ತಿದ್ದ ಇವಾನ್ ಶ್ವಿನಾರ್ಡ್, ಟಾಮ್ ಫ್ರಾಸ್ಟ್ ಎಂಬುವರೇ 1972ರ ತಮ್ಮ ಸರಕಿನ ಪಟ್ಟಿಯಲ್ಲಿ, ಸುತ್ತಿಗೆಯನ್ನು ಬಿಡಿ, ಕಲ್ಲನ್ನು ಉಳಿಸಿ ಎಂದು ಬರೆದರು. ತನ್ನ ಅಂಗಡಿಯಲ್ಲಿ ಹೆಚ್ಚು ಬಿಕರಿಯಾಗುವ ಸಾಮಾನನ್ನು ಕೊಳ್ಳಬೇಡಿ ಎಂದು ಹೇಳುವ ವ್ಯಾಪಾರಿ ಅಪರೂಪ.

ಸುತ್ತಿಗೆಯ ಬದಲಿಗೆ ಬಂದದ್ದು ಬೆಣೆ. ಬ್ರಿಟಿಷ್ ತರುಣರು ಇದನ್ನು ಮೊದಲೇ ಕಂಡುಕೊಂಡಿದ್ದರು. ಬಿರುಕಿನಲ್ಲಿ ಬೆಣಚುಕಲ್ಲನ್ನು ಸಿಕ್ಕಿಸಿ, ಅದರ ಸುತ್ತ ಹಗ್ಗದ ಕುಣಿಕೆ ಹಾಕಿಕೊಳ್ಳುವುದು ಅವರ ಹಳೆಯ ಉಪಾಯ. 1950ರ ದಶಕದಲ್ಲಿ ವೇಲ್ಸಿನ ಬೆಟ್ಟದ ರೈಲುದಾರಿಯ ಬದಿಯಲ್ಲಿ ಬಿದ್ದಿರುತ್ತಿದ್ದ ನಟ್ಟುಗಳನ್ನು ಹೆಕ್ಕಿ, ಒಳಗಿನ ಮರೆಯನ್ನು ಉಜ್ಜಿ ತೆಗೆದು, ಹಗ್ಗ ಪೋಣಿಸಿ ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರೆಂದು ಹೇಳುತ್ತಾರೆ. 1960ರ ದಶಕದ ಆರಂಭದಲ್ಲಿ ಇದಕ್ಕೆಂದೇ ಎರಕ ಹೊಯ್ದ ಅಲ್ಯೂಮಿನಿಯಂ ಬೆಣೆಗಳು ಬಂದವು. ಹೆಸರು ಮಾತ್ರ ಇಂದಿಗೂ ನಟ್ಟು ಎಂದೇ ಉಳಿದಿದೆ. ಮೇಲೆ ಅಗಲ, ಕೆಳಗೆ ಕಿರಿದು. ಬಿರುಕು ಕೆಳಕ್ಕೆ ಕಿರಿದಾಗುವ ಕಡೆ ಅದನ್ನು ಇಳಿಬಿಟ್ಟರೆ, ಎಳೆದಷ್ಟೂ ಗಟ್ಟಿಯಾಗಿ ಕೂರುತ್ತದೆ. ಮೇಲಕ್ಕೆ ತಳ್ಳಿದರೆ ಕೈಗೆ ಬರುತ್ತದೆ. ಕಲ್ಲಿಗೆ ಒಂದು ಗೀರೂ ಇಲ್ಲ.

ಬಿರುಕಿನ ಎರಡು ಗೋಡೆಗಳೂ ಸಮಾನಾಂತರವಾಗಿದ್ದರೆ ಬೆಣೆ ನಿಲ್ಲದು. ಅದಕ್ಕೆ ರೇ ಜಾರ್ಡಿನ್ ಎಂಬ ಅಮೆರಿಕದ ಎಂಜಿನಿಯರ್ ರಚಿಸಿದ ಯಂತ್ರವೊಂದು 1978ರಲ್ಲಿ ಮಾರುಕಟ್ಟೆಗೆ ಬಂತು. ಇವರು ಅದನ್ನು ಕ್ಯಾಮ್ ಎನ್ನುತ್ತಾರೆ. ನಾಲ್ಕು ಲೋಹದ ಎಸಳುಗಳು. ಕೊಕ್ಕೆಯನ್ನು ಎಳೆದರೆ ಮೊಗ್ಗಿನಂತೆ ಮುದುಡುತ್ತವೆ, ಬಿಟ್ಟರೆ ಅರಳಿ ಬಿರುಕಿನ ಗೋಡೆಗಳನ್ನು ಒತ್ತಿ ಹಿಡಿಯುತ್ತವೆ. ಎಸಳಿನ ಬಾಗು ಒಂದು ಬಗೆಯ ಸುರುಳಿಯ ಲೆಕ್ಕಾಚಾರದಲ್ಲಿದೆ. ಬಿರುಕು ಎಷ್ಟೇ ಅಗಲವಿರಲಿ, ಎಸಳು ಕಲ್ಲನ್ನು ಮುಟ್ಟುವ ಕೋನ ಬದಲಾಗದು. ಕೆಳಕ್ಕೆ ಎಳೆದ ಬಲ ಪಕ್ಕಕ್ಕೆ ತಳ್ಳುವ ಬಲವಾಗಿ ಮಾರ್ಪಡುತ್ತದೆ, ಅದೂ ಒಂದೊಂದು ಗೋಡೆಯ ಮೇಲೆ ಸುಮಾರು ಎರಡರಷ್ಟಾಗಿ. ಬೀಳುವವನ ಭಾರವೇ ಅವನನ್ನು ಹಿಡಿದು ನಿಲ್ಲಿಸುತ್ತದೆ. ಗೋಡೆ ಗಟ್ಟಿಯಾಗಿದ್ದರೆ!

1980ರ ದಶಕದಲ್ಲಿ ಫ್ರಾನ್ಸಿನ ಕಡೆಯಿಂದ ಬೋಲ್ಟು ಕೂರಿಸಿ ಹತ್ತುವ ಕ್ರೀಡೆ ಹಬ್ಬಿದ ಮೇಲೆ, ಬೋಲ್ಟಿಲ್ಲದ ಹಳೆಯ ಪದ್ಧತಿಗೆ ‘ಸಾಂಪ್ರದಾಯಿಕ’ ಎಂಬ ಹೆಸರು ಬಂತು. ಹೊಸದು ಬಾರದೆ ಹಳೆಯದಕ್ಕೆ ಹೆಸರು ಬರುವುದಿಲ್ಲವಷ್ಟೆ. 941ರಲ್ಲಿ ಕಾವ್ಯ ಬರೆದ ಪಂಪನು ತಾನು ಹಳಗನ್ನಡದಲ್ಲಿ ಬರೆಯುತ್ತಿರುವೆನೆಂದು ಭಾವಿಸಿದ್ದನೆ?

ಗುಂಡನ್ನು ಎದುರಿನಿಂದ ನೋಡಿದಾಗ ಅತ್ತೆಯವರ ಪ್ರಶ್ನೆಗೆ ಅರ್ಧ ಉತ್ತರ ನನಗೆ ಸಿಕ್ಕಿತು. ಮೂಡಣ ಮುಖ ನೆಟ್ಟಗೆ ನಿಂತಿದೆ. ನಡುವೆ ಬುಡದಿಂದ ನೆತ್ತಿಯವರೆಗೆ ಒಂದೇ ಒಂದು ಬಿರುಕು, ಬೆಳಗಿನ ಬಿಸಿಲಿನಲ್ಲಿ ಕಾಡಿಗೆಯ ಗೆರೆಯಂತೆ ಸ್ವಲ್ಪವೇ ಬಳುಕಿ ಮೇಲೆ ಹೋಗಿದೆ. ಗದ್ಯದಲ್ಲಿ ಸುಲಭವಾಗಿ ಹೇಳಬಹುದಾದುದನ್ನು ಕವಿ ಕಂದಪದ್ಯದ ಇಕ್ಕಟ್ಟಿನಲ್ಲಿಯೇ ಹೇಳುತ್ತಾನೇಕೆ? ಹಿಂಬದಿಯ ಇಳಿಜಾರು ಮೇಕೆಗಳ ಗದ್ಯ. ಈ ಬಿರುಕು ಛಂದಸ್ಸು. ಈ ಉಪಮೆ ಅತ್ತೆಯವರಿಗೆ ರುಚಿಸದೆಂದು ನನಗೆ ಅಲ್ಲಿಯೇ ತೋರಿತು.

ಗುಂಡಿನ ಬುಡದಲ್ಲಿ ಮೇಕೆ ಕಾಯುತ್ತ ಹಿರಿಯರೊಬ್ಬರು ಕುಳಿತಿದ್ದರು. ತಲೆಗೆ ಟವೆಲು, ಎರಡು ಮೊಣಕಾಲಿಗೂ ಬಟ್ಟೆಯ ಪಟ್ಟಿ. ನಮ್ಮ ಸಾಮಾನುಗಳು ಚೀಲದಿಂದ ಹೊರಬೀಳುವುದನ್ನು ಬಹಳ ಹೊತ್ತು ನೋಡಿದರು. ಮೂವತ್ತು ವರ್ಷ ಕಲ್ಲು ಒಡೆದವರೆಂದು ಮಾತಿನಿಂದ ತಿಳಿಯಿತು. ಪಕ್ಕದ ಚಿಕ್ಕ ಗುಂಡೊಂದು ಕತ್ತಿಯಲ್ಲಿ ಕೊಯ್ದಂತೆ ಅರ್ಧಕ್ಕೆ ಸೀಳಿ ನಿಂತಿತ್ತು. ಸೀಳಿದ ಅಂಚಿನಲ್ಲಿ ಸಾಲಾಗಿ ಗುಳಿಗಳ ಗುರುತು. ಹಂಪೆಗೆ ಹೋದವರು ಇಂಥ ಗುಳಿಸಾಲುಗಳನ್ನು ಬಂಡೆ ಬಂಡೆಗಳ ಮೇಲೆ ಕಂಡಿರಬೇಕು. ಗುಳಿ ತೋಡು, ಬೆಣೆಯಿಡು, ಒಂದಾದ ಮೇಲೊಂದಕ್ಕೆ ಬಡಿ: ವಿಜಯನಗರದ ಶಿಲ್ಪಿಗಳ ವಿದ್ಯೆಯೇ ಈ ಹಿರಿಯರ ಕೈಯಲ್ಲಿಯೂ ಇತ್ತು.

“ಇದ್ನೂ ಒಡೀಬೇಕೂಂತ್ಲೇ ಬಂದಿದ್ದೆ ಸೋಮಿ,” ಎಂದು ಅವರು ದೊಡ್ಡ ಗುಂಡನ್ನು ತೋರಿಸಿದರು. “ಬಿರುಕು ನೋಡಿ ಆಸೆ ಆಯ್ತು. ಅರ್ಧ ಕೆಲ್ಸ ದೇವ್ರೇ ಮಾಡವ್ನೆ ಅಂತ. ಹಗ್ಗ ಇಳಿಬಿಟ್ಕಂಡು ಮೇಲಿಂದ ಕೆಳೀಕ್ ಬಡ್ಕಂಡ್ ಬಂದೆ. ನಾದ ಸರಿ ಬರ್ನಿಲ್ಲ. ಬಿಟ್ಬುಟ್ಟೆ.”

ನಾದವೆಂದರೇನು ಎಂದು ಕೇಳಿದೆನು. ಅವರು ಕೈಗೆ ಸಿಕ್ಕ ಕಲ್ಲಿನಿಂದ ಗುಂಡಿನ ಬುಡವನ್ನು ಕುಟ್ಟಿದರು. ಕಂಚಿನಂಥ ಗಟ್ಟಿಯಾದ ಸದ್ದು. ಆಮೇಲೆ ಭಾವಮೈದನ ಕಡೆ ತಿರುಗಿ, ಬಿರುಕಿನ ಬಲಗಡೆ ಅಂಚನ್ನು ಅರ್ಧಕ್ಕಿಂತ ಮೇಲೆ ಬೆರಳಿಟ್ಟು ತೋರಿಸಿದರು.

“ಅಲ್ಲಿ ಒಂದ್ ಪೊರೆ ಐತೆ, ಮಗ. ಆಳೆತ್ತರ. ನೋಡಾಕ್ ಗಟ್ಟಿ, ಒಳೀಕ್ ಪೊಳ್ಳು. ಅದ್ರ ಹಿಂದ್ಗಡೆ ನಿನ್ ಬೆಣೆ ಇಟ್ಟೀಯ, ಬ್ಯಾಡ. ಬೆಣೆ ಕೆಲ್ಸ ಕಲ್ ಬಿಡ್ಸೋದು.”

ಭಾವಮೈದ ಸುಮ್ಮನಾದನು. ಅವನ ಲೆಕ್ಕಾಚಾರದಲ್ಲಿ ಎರಡು ಕ್ಯಾಮುಗಳು ಕೂರಬೇಕಾಗಿದ್ದುದು ಅಲ್ಲಿಯೇ.

ಚಿಕ್ಕ ಗುಂಡಾದುದರಿಂದ ಅಪಾಯವೂ ಚಿಕ್ಕದೆಂದು ಹೊರಗಿನವರಿಗೆ ಅನ್ನಿಸುವುದು ಸಹಜ. ಹುಡುಗಿ ನನಗೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ತೋರಿಸಿದ ಲೆಕ್ಕ ಬೇರೆಯಾಗಿತ್ತು. ಮುಂದೆ ಹೋಗುವವನಿಗೆ ಮೇಲಿನಿಂದ ಹಗ್ಗವಿಲ್ಲ. ಅವನ ಹಗ್ಗ ಅವನಿಂದ ಕೆಳಗಿಳಿದು, ತಾನೇ ಇಟ್ಟ ಕೊನೆಯ ಬೆಣೆಯ ಮೂಲಕ ನೆಲದ ಮೇಲಿನ ಜೊತೆಗಾರನ ಕೈಗೆ ಬರುತ್ತದೆ. ಕೊನೆಯ ಬೆಣೆಯಿಂದ ಒಂಬತ್ತು ಅಡಿ ಮೇಲಿದ್ದು ಕೈಬಿಟ್ಟರೆ ಬೆಣೆಯವರೆಗೆ ಒಂಬತ್ತಡಿ, ಅದರ ಕೆಳಗೆ ಮತ್ತೆ ಒಂಬತ್ತಡಿ, ಒಟ್ಟು ಹದಿನೆಂಟು ಅಡಿ ಬೀಳುತ್ತಾನೆ. ನೈಲಾನು ಹಗ್ಗ ಹಿಗ್ಗುವುದು ಬೇರೆ. ನೂರಾರು ಅಡಿಯ ಗೋಡೆಯಲ್ಲಿ ಹದಿನೆಂಟು ಅಡಿ ಬಿದ್ದವನು ಗಾಳಿಯಲ್ಲಿ ತೂಗಾಡಿ ನಗುತ್ತಾನೆ. ನಲವತ್ತು ಅಡಿಯ ಗುಂಡಿನಲ್ಲಿ ಕೆಳಗೆ ನೆಲ ಕಾದಿರುತ್ತದೆ. ಇಪ್ಪತ್ತು ಅಡಿಯಲ್ಲಿ ಕೊನೆಯ ಬೆಣೆ. ಪೊರೆ ಮುಗಿದು ಒಳ್ಳೆಯ ಕಲ್ಲು ಸಿಗುವುದು ಮೂವತ್ತರಲ್ಲಿ. ಇಪ್ಪತ್ತೊಂಬತ್ತರಲ್ಲಿ ಬಿದ್ದರೆ ಹಗ್ಗದ ಹಿಗ್ಗುವಿಕೆಯನ್ನೆಲ್ಲ ಕಳೆದು ಪಾದದ ಕೆಳಗೆ ಉಳಿಯುವುದು ನಾಲ್ಕೈದು ಅಡಿ. ಇಪ್ಪತ್ತರ ಬೆಣೆ ಕಿತ್ತುಬಂದರೆ ಏನೂ ಉಳಿಯುವುದಿಲ್ಲ.

“ಹಾಗಾದರೆ?” ಎಂದೆನು.

“ಇಪ್ಪತ್ತರಲ್ಲಿ ಎರಡು ಇಡುತ್ತಾನೆ ಸಾರ್. ಒಂದು ಹೋದರೆ ಇನ್ನೊಂದು,” ಎಂದು ಹೇಳಿ ಅವಳು ಎದ್ದಳು. ಅವನಿಗಿಂತ ಹಗುರಳಾದುದರಿಂದ ಅವನು ಬಿದ್ದರೆ ತಾನು ಮೇಲಕ್ಕೆ ಎಳೆಯಲ್ಪಡದಂತೆ, ಬುಡದ ಸಂದಿಗೊಂದು ಬೆಣೆಯಿಟ್ಟು ತನ್ನ ನಡುಪಟ್ಟಿಯನ್ನು ಅದಕ್ಕೆ ಕಟ್ಟಿಕೊಂಡಳು.

ನನ್ನ ಭಾವಮೈದ ನನ್ನ ಕಡೆ ನೋಡಿದನು. “ಭಾವ, ಅಮ್ಮ ನಿಮ್ಮನ್ನು ಏಕೆ ಕಳಿಸಿದ್ದಾರೆಂದು ನನಗೆ ಗೊತ್ತು. ಬೇಡ ಅಂತೀರಾ?”

ನಾನು ಹಿರಿಯರನ್ನು ನೋಡಿದೆನು. ಅವರು ಗುಂಡನ್ನು ನೋಡುತ್ತಿದ್ದರು. “ಪೊರೆಯನ್ನು ಮೊದಲು ಕುಟ್ಟಿ ನೋಡು,” ಎಂದೆನು. “ಅವರು ಹೇಳಿದಂತೆಯೇ ಇದ್ದರೆ, ಮುಂದಿನದು ನಿನಗೆ ಬಿಟ್ಟದ್ದು. ಇಳಿದು ಬರುವುದಕ್ಕೆ ನಾಚಬೇಡ.”

ಬಿರುಕು ಹತ್ತುವ ಬಗೆ ನೋಡುವುದಕ್ಕೆ ವಿಚಿತ್ರವಾಗಿದೆ. ಹಿಡಿಯುವುದಕ್ಕೆ ಅಲ್ಲಿ ಏನೂ ಇಲ್ಲ. ಕೈಯನ್ನು ಚಪ್ಪಟೆಯಾಗಿ ಬಿರುಕಿನೊಳಗೆ ತೂರಿಸಿ, ಹೆಬ್ಬೆರಳನ್ನು ಅಂಗೈಯೊಳಕ್ಕೆ ಮಡಿಸಿದರೆ ಕೈ ಉಬ್ಬಿ ಸಿಕ್ಕಿಕೊಳ್ಳುತ್ತದೆ. ಗಡಿಗೆಯೊಳಗೆ ಕೈಹಾಕಿ ಮುಷ್ಟಿ ಬಿಗಿದ ಕೋತಿಯ ಕತೆ ನೆನಪಿಗೆ ಬಂತು. ಕೋತಿಯ ಮೌಢ್ಯವೇ ಇಲ್ಲಿ ವಿದ್ಯೆ. ಪಾದವನ್ನು ಓರೆಯಾಗಿ ತೂರಿಸಿ ತಿರುಚಿದರೆ ಅದೂ ಹಾಗೆಯೇ ನಿಲ್ಲುತ್ತದೆ. ಹಿಂಗೈಯ ಚರ್ಮಕ್ಕೆ ಹರಳುಗಳು ಉಪ್ಪುಕಾಗದದಂತೆ ತಾಗುವುದರಿಂದ ಅಂಟುಪಟ್ಟಿ ಸುತ್ತಿಕೊಳ್ಳುತ್ತಾರೆ. ಬೆವರಿಗೆ ಮೆಗ್ನೀಸಿಯಂ ಕಾರ್ಬೊನೇಟಿನ ಬಿಳಿಪುಡಿ. ಅಂಗಸಾಧನೆಯವರು ಬಳಸುತ್ತಿದ್ದ ಆ ಪುಡಿಯನ್ನು ಬಂಡೆಗೆ ತಂದವರು ಜಾನ್ ಗಿಲ್ ಎಂಬ ಅಮೆರಿಕದ ಗಣಿತಜ್ಞರಂತೆ, 1950ರ ದಶಕದಲ್ಲಿ.

ಎಂಟು ಅಡಿಗೆ ಒಂದು ಬೆಣೆ, ಹದಿನಾಲ್ಕಕ್ಕೆ ಒಂದು. ಪ್ರತಿಯೊಂದನ್ನೂ ಇಟ್ಟು, ಕೆಳಕ್ಕೆ ಜಗ್ಗಿ ನೋಡಿ, ಹಗ್ಗ ಸಿಕ್ಕಿಸಿ ಮುಂದೆ ಹೋದನು. ಇಪ್ಪತ್ತರಲ್ಲಿ ಬಹಳ ಹೊತ್ತು ನಿಂತನು. ಒಂದು ಕ್ಯಾಮ್ ಇಟ್ಟನು. ಅದರ ಮೇಲೆ ಅಂಗುಲ ಬಿಟ್ಟು ಒಂದು ನಟ್ಟು ಇಟ್ಟನು. ನಟ್ಟನ್ನು ತೆಗೆದು ಅದಕ್ಕಿಂತ ದೊಡ್ಡದನ್ನು ಇಟ್ಟನು. ಆಮೇಲೆ ಬಲಗೈ ಚಾಚಿ ಪೊರೆಯನ್ನು ಬೆರಳಗೆಣ್ಣಿನಿಂದ ಕುಟ್ಟಿದನು.

ಆ ಸದ್ದು ನೆಲದವರೆಗೂ ಕೇಳಿಸಿತು. ಖಾಲಿ ಕಣಜವನ್ನು ತಟ್ಟಿದಂತೆ, ಮಂದವಾಗಿ, ಒಳಗೆ ಯಾರೂ ಇಲ್ಲವೆಂಬಂತೆ.

ಮೇಲಕ್ಕೂ ನೋಡ, ಕೆಳಕ್ಕೂ ನೋಡ. ನಾನು ಅವನ ಹಿಮ್ಮಡಿಗಳನ್ನು ನೋಡುತ್ತಿದ್ದೆನು. ಹುಡುಗಿ ಬಂಡೆಗೆ ಇನ್ನೊಂದು ಹೆಜ್ಜೆ ಹತ್ತಿರ ಸರಿದು ಹಗ್ಗದ ಸಡಿಲವನ್ನು ಗೇಣಿನಷ್ಟು ಕಡಿಮೆ ಮಾಡಿದಳು. ಎಲ್ಲಿಯೋ ಒಂದು ಮರಕುಟಿಗ ಕುಟ್ಟುತ್ತಿತ್ತು. ಆಗ ಅವನು ಪೊರೆಯನ್ನು ಮುಟ್ಟದೆ, ಎಡಗಡೆಯ ಗಟ್ಟಿ ಅಂಚಿಗೆ ಎರಡು ಕೈಗಳನ್ನೂ ಒಗ್ಗಿಸಿ, ಕಾಲನ್ನು ಮುಖದ ಹರಳುಗಳ ಮೇಲೆ ಒಂದೊಂದಾಗಿ ಇಡುತ್ತ ಮೇಲೇರತೊಡಗಿದನು. ಇಪ್ಪತ್ತೆರಡು, ಇಪ್ಪತ್ತನಾಲ್ಕು. ಬಿರುಕಿನಲ್ಲಿ ಬೆಣೆಗೆ ಎಡೆಯಿದ್ದೂ ಇಡಲಿಲ್ಲ. ಅಲ್ಲಿ ಇಟ್ಟ ಬೆಣೆ ನೋಡುವವರಿಗೆ ಧೈರ್ಯ ಕೊಟ್ಟೀತು. ಬಿದ್ದಾಗ ಪೊರೆಯನ್ನೇ ಕಿತ್ತು, ಕೆಳಗಿದ್ದವಳ ತಲೆಯ ಮೇಲೆ ಹಾಕೀತು. ಇಪ್ಪತ್ತೇಳರಲ್ಲಿ ಒಂದು ಕಾಲು ನಡುಗತೊಡಗಿತು. ಹೊಲಿಗೆ ಯಂತ್ರದ ಸೂಜಿಯಂತೆ ಹಿಮ್ಮಡಿ ಕುಣಿಯಿತು. ಅವನು ಹಿಮ್ಮಡಿಯನ್ನು ತಗ್ಗಿಸಿ, ಉಸಿರು ಬಿಟ್ಟು, ನಡುಕ ನಿಲ್ಲುವವರೆಗೆ ಕಾದನು. ಮೂವತ್ತರಲ್ಲಿ ಎಡಗೈ ಬಿರುಕಿನೊಳಗೆ ಮಣಿಕಟ್ಟಿನವರೆಗೆ ಹೋಯಿತು; ಬಲಗೈ ನಡುಪಟ್ಟಿಯಿಂದ ಕ್ಯಾಮ್ ತೆಗೆಯಿತು; ಕೊಂಡಿ ಟಕ್ಕೆಂದು ಮುಚ್ಚಿದ ಸದ್ದು ಕೇಳಿತು. ಹುಡುಗಿಯ ಭುಜಗಳು ಇಳಿದುವು.

ಉಳಿದ ಹತ್ತು ಅಡಿ ಸುಲಭ. ನೆತ್ತಿಯ ಅಂಚಿನ ಮೇಲೆ ಅವನ ತಲೆ ಕಾಣಿಸಿಕೊಂಡಾಗ, ಹಿಂಬದಿಯಿಂದ ಬಂದಿದ್ದ ಒಂದು ಕಪ್ಪು ಮೇಕೆ ಅಲ್ಲಿ ನಿಂತು ಅವನನ್ನು ಆಶ್ಚರ್ಯದಿಂದ ನೋಡುತ್ತಿತ್ತು.

ಅತ್ತೆಯವರಿಗೆ ನಾನು ಆ ರಾತ್ರಿ ಹೇಳಿದ್ದನ್ನು ಇಲ್ಲಿಯೇ ಬರೆದುಬಿಡುವುದು ಲೇಸು. ಅಪಾಯವಿದೆ ಎಂದೆನು. ಇಲ್ಲವೆಂದಿದ್ದರೆ ಅವರು ನಂಬುತ್ತಿರಲಿಲ್ಲ. ನಿಮ್ಮ ಮಗ ಒಬ್ಬ ಹಿರಿಯರ ಮಾತನ್ನು ಕೇಳಿ, ಅದನ್ನು ತನ್ನ ಕೈಯಿಂದ ಪರೀಕ್ಷಿಸಿ, ಅದರಂತೆ ನಡೆದನು ಎಂದೆನು. “ನಮ್ಮ ಮನೆಯಲ್ಲಿ ಹಿರಿಯರ ಮಾತು ಕೇಳುವವನು ಯಾವಾಗ ಆದ?” ಎಂದು ಅವರು ಕೇಳಿದರು. ಬೇಡವೆಂದು ನಾನು ಹೇಳಲಿಲ್ಲ, ಅವರೂ ಮತ್ತೆ ಕೇಳಲಿಲ್ಲ. ಭಾನುವಾರ ಸಂಜೆ ಅವನು ದೂರವಾಣಿಯಲ್ಲಿ ಮಾತನಾಡುವವರೆಗೆ ದೇವರ ಮುಂದೆ ದೀಪ ಆರದಂತೆ ನೋಡಿಕೊಳ್ಳುವುದನ್ನು ಬಿಟ್ಟೂ ಇಲ್ಲ.

ನೋಡಬೇಕೆನ್ನುವ ಓದುಗರಿಗೆ ಒಂದೆರಡು ಮಾತು. ಮಾರ್ಚಿಯ ನಂತರ ಕಲ್ಲು ಕಾದ ಹೆಂಚಾಗುತ್ತದೆ. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಬೆಳಗಿನ ಹೊತ್ತು ಹಿತ. ಇಲ್ಲಿನ ಬಂಡೆಗಳ ಚಾಚಿನ ಕೆಳಗೆ ಹೆಜ್ಜೇನು ಕಟ್ಟುವುದುಂಟು. ಆದಕಾರಣ ಗದ್ದಲ, ಹೊಗೆ ಎರಡೂ ಸಲ್ಲದು. ಮಕ್ಕಳನ್ನು ಕರೆತಂದರೆ ಗುಂಡಿನ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ನಾವು ಕಲ್ಲನ್ನು ಕಂಡರೆ ಬರೆಯುವ ಜನ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಸಾವಿರ ವರ್ಷಗಳಿಗೂ ಹಿಂದೆ ಕೊರೆದ ಅಕ್ಷರಗಳನ್ನು ಇಂದಿಗೂ ಓದಿ ಧನ್ಯರಾಗುತ್ತೇವೆ. ಸುಣ್ಣದಲ್ಲಿ ತಮ್ಮ ಹೆಸರನ್ನೂ ಬಾಣ ತೂರಿದ ಹೃದಯವನ್ನೂ ಬರೆಯುವ ಇಂದಿನ ಶಾಸನಕಾರರು ಆ ಪರಂಪರೆಗೆ ಸೇರಿದವರಲ್ಲವೆಂದು ನನ್ನ ಅಭಿಪ್ರಾಯ.

ಗುಂಡಿನ ಮೇಲೆ ಇನ್ನೂ ಕೆಲಸ ಉಳಿದಿತ್ತು. ಈ ಪದ್ಧತಿಯಲ್ಲಿ ಎರಡನೆಯವರು ಹತ್ತುತ್ತ ಇಟ್ಟ ಬೆಣೆಗಳನ್ನೆಲ್ಲ ಬಿಡಿಸಿಕೊಂಡು ಹೋಗಬೇಕು. ಬಂದ ಗುರುತು ಉಳಿಯಕೂಡದು. ಭಾವಮೈದ ನೆತ್ತಿಯ ಮೇಲೆ ಬಿರುಕಿನಲ್ಲಿ ಮೂರು ಬೆಣೆ ಹಾಕಿ ಕುಳಿತು ಮೇಲಿನಿಂದ ಹಗ್ಗ ಹಿಡಿದನು. ಹುಡುಗಿ ಸರಸರನೆ ಏರಿ ಒಂದೊಂದನ್ನೇ ನಡುಪಟ್ಟಿಗೆ ಸಿಕ್ಕಿಸಿಕೊಂಡಳು. ಇಪ್ಪತ್ತು ಅಡಿಯ ಆ ನಟ್ಟು ಮಾತ್ರ ಬರಲಿಲ್ಲ. ಇಟ್ಟವನ ಆತಂಕವೆಲ್ಲ ಅದರೊಳಗೆ ಸೇರಿಕೊಂಡಿತ್ತೇನೋ, ಅಷ್ಟು ಬಿಗಿಯಾಗಿತ್ತು. ಐದು ನಿಮಿಷ ಎಳೆದಳು, ತಿರುಚಿದಳು. ಬಿಟ್ಟುಬರಬಹುದಾಗಿತ್ತು, ಹಾಗೆ ಬಿಟ್ಟುಬಂದ ನಟ್ಟುಗಳು ಎಷ್ಟೋ ಬಂಡೆಗಳಲ್ಲಿ ತುಕ್ಕು ಹಿಡಿದ ತಂತಿಯನ್ನು ಚಾಚಿಕೊಂಡು ಕುಳಿತಿವೆಯಂತೆ.

ಹಿರಿಯರು ಮೊಣಕಾಲಿಗೆ ಕೈಯೂರಿ ಎದ್ದು ನಿಂತರು. “ಎಳೀಬ್ಯಾಡ ಕಣವ್ವ! ಬಂದ್ ದಾರೀಲೇ ಕಳ್ಸಬೇಕು ಅದ್ನ. ಕೆಳಗಿಂದ ಮೇಲಕ್ ತಟ್ಟು. ಮೆತ್ಗೆ!”

ಅವಳು ನಡುಪಟ್ಟಿಯಲ್ಲಿದ್ದ ತೆಳುವಾದ ಕೊಕ್ಕೆಯ ತುದಿಯನ್ನು ಬೆಣೆಯ ಕೆಳಗಿಟ್ಟು, ಅಂಗೈಯಿಂದ ಅದನ್ನು ತಟ್ಟಿದಳು. ಮೂರನೆಯ ಏಟಿಗೆ ಟಿಣ್ ಎಂದಿತು; ನಟ್ಟು ಅವಳ ಕೈಗೆ ಬಂತು.

ಇಬ್ಬರೂ ಮೇಕೆಗಳ ದಾರಿಯಿಂದ ಇಳಿದು ಬಂದ ಮೇಲೆ ಹಿರಿಯರು ಆ ನಟ್ಟನ್ನು ಕೇಳಿ ಪಡೆದುಕೊಂಡರು. ಅಂಗೈಯಲ್ಲಿಟ್ಟು ತೂಗಿದರು. “ಇಷ್ಟ್ ಹಗುರಾನಾ? ಇದು ಆಳ್ನ ತಡೀತದಾ?” ಎಂದರು. ತಡೆಯುತ್ತದೆ ಎಂದು ಭಾವಮೈದ ಹೇಳಿದನು. ಅವರು ಕುಂಟುತ್ತ ಪಕ್ಕದ ಸೀಳುಗುಂಡಿನ ಬಳಿಗೆ ಹೋಗಿ, ತಮ್ಮ ಕಾಲದ ಒಂದು ಗುಳಿಯಲ್ಲಿ ಅದನ್ನು ಇಟ್ಟು ನೋಡಿದರು. ಬಹಳ ಸಡಿಲವಾಗಿತ್ತು. “ಆಗಾಕಿಲ್ಲ,” ಎಂದು ಹಿಂದಿರುಗಿಸಿ, ಅಷ್ಟರಲ್ಲಿ ಹೊಲದ ಕಡೆಗೆ ನುಗ್ಗಿದ್ದ ಕಪ್ಪು ಮೇಕೆಯನ್ನು ಬಯ್ಯುತ್ತ ಅತ್ತ ನಡೆದರು.